ಸಾಯದವರಿಗೆ ಒಂದು ಶಬ್ದ

ವಿಜಾಪುರ ರಸ್ತೆ, ಸೊಲ್ಲಾಪುರ
೨೮ ಮೇ ೨೦೨೫

ಮುದ್ದಿನ ಮಯೂರಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದ.

ನಾವೆಲ್ಲ ಕ್ಷೇಮ. ಬರೆಯಲು ತಡವಾಯಿತು, ಸಿಟ್ಟಾಗಬೇಡ. ಲಗ್ನದ ಸೀಸನ್ನು, ಗಿರಾಕಿ ಬಿಟ್ಟು ಏಳಲು ಆಗಲಿಲ್ಲ. ನೀನು ಕನ್ನಡ ತಡವರಿಸುತ್ತಾ ಓದುತ್ತೀ ಅಂತ ಅಕ್ಷರ ದಪ್ಪಗೆ ಬರೆದಿದ್ದೇನೆ.

ನಿನ್ನ ಆಡಿಯೋ ಸೀರಿಯಲ್ಲನ್ನು ದುಕಾನದಲ್ಲಿ ದಿನಾ ಹಾಕುತ್ತೇನೆ. "ಈ ಎಲ್ಫ್ ಮಂದಿ ಭಾಷಾ ನನ್ನ ಮಗಳು ಹುಟ್ಟಸ್ಯಾಳ್ರಿ" ಅಂತ ಹೇಳದೆ ಒಂದು ಟವೆಲ್ಲೂ ಕಟ್ಟಿಕೊಡುವುದಿಲ್ಲ. ಮಾಲು ತರುವ ಭೀಮಶಾ ಕೇಳಿದ, "ಎಲ್ಫ್ ಅಂದ್ರ ಯಾರ್ರಿ ಸಾವಕಾರ?"

"ಚೂಪ ಕಿವಿಯವ್ರು. ಕಾಡಾಗ ಇರ್ತಾರ, ಸಾಯಂಗಿಲ್ಲ" ಅಂದೆ.

"ಹಂಗಾರ ಅವ್ರಿಗೆ ಟವೆಲ್ಲ ಭಾಳ ಬೇಕಾಗ್ತಾವ ಬಿಡ್ರಿ" ಅಂದ, ಮಬ್ಬ!

ಮೊನ್ನೆಯ ಭಾಗದಲ್ಲಿ ಅವರ ರಾಣಿ ಬಾಣ ತಗುಲಿ ಬಿದ್ದಳಲ್ಲ, ಅವರಲ್ಲಿ ಅದೇ ಮೊದಲ ಸಾವು, ಸಾವಿಗೆ ಅವರ ಭಾಷೆಯಲ್ಲಿ ಶಬ್ದವೇ ಇರಲಿಲ್ಲ. ಆಗ ಮುದುಕಿಯೊಬ್ಬಳು "ವೆಲೀನಾ" ಅಂದಳು. ಹೆಚ್ಚಿದಳು ಅಂತ ಅರ್ಥ. ನನ್ನ ಎದೆ ಉಬ್ಬಿತು, ಮಯೂರಿ. ಶಟರ್ ಎಳೆಯುವ ಹೊತ್ತಿಗೆ ಚಿಕ್ಕವಳಿದ್ದಾಗ ನೀನು "ಅಪ್ಪಾ, ದುಕಾನ ಮುಚ್ಚೂಣೇನು?" ಅಂದರೆ, "ಹಂಗ ಅನ್ನಬಾರದವ್ವಾ, ಹೆಚ್ಚಸೂಣು ಅನ್ನು" ಅಂತಿದ್ದೆ. ಬಳೆ ಒಡೆದರೂ ನಮ್ಮಲ್ಲಿ ಹೆಚ್ಚಿತು ಅಂತಲೇ ಅನ್ನುವುದು. ಅಶುಭವನ್ನು ಬಾಯಲ್ಲಿ ಆಡದ ವ್ಯಾಪಾರಸ್ಥರ ಈ ರೂಢಿಯನ್ನು ಸಾಯದವರ ಬಾಯಿಗೂ ಹಾಕಿಬಿಟ್ಟೆಯಲ್ಲ! ಈ ಪೇಟೆಯಲ್ಲಿ ಯಾವ ಸಾವಕಾರನ ಮಗಳು ಇಂಥದ್ದು ಮಾಡಿದ್ದಾಳೆ, ಹೇಳು?

ಅಕ್ಕಲಕೋಟದ ನಿನ್ನ ಅತ್ಯಾ ಮಾತ್ರ ಬೈದಳು. "ಸುಡ್ಲಿ, ಕನ್ಯಾ ಹುಡುಗಿ ಸಾವಿಗೆ ಹೆಸರಿಡ್ತಾಳಂತ! ಲಗ್ನದ ಮಾತ ಹುಟ್ಟಸು ಅನ್ನು ಆಕಿಗೆ." ಆಮೇಲೆ ತಾನೇ ಇನ್ನೊಮ್ಮೆ ಹಾಕಿಸಿಕೊಂಡು ಕೇಳಿದಳು.

ಸಿದ್ಧರಾಮ ನಿನ್ನ ಮಾತಿಗೆ ಇನ್ನೂ ಬಲ ಕೊಡಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಪ್ಪ,
ಸಾತಲಿಂಗಪ್ಪ

ತಾ.ಕ.: ಫೋನ್ ಮಾಡದೆ ಕನ್ನಡದಲ್ಲಿ ಬರೆದದ್ದಕ್ಕೆ ಕಾರಣವಿದೆ. ಫೋನ್ ಮಾಡಿದರೆ ನಿಮ್ಮವ್ವ ಪಕ್ಕದಲ್ಲೇ ಇರುತ್ತಾಳೆ. ಮರಾಠಿ ಸಾಲಿಯಲ್ಲಿ ಕಲಿತವಳು, ಇದನ್ನು ಓದಲಾರಳು. ನನ್ನ ಹೊಟ್ಟೆಯ ಗಂಟು ಕ್ಯಾನ್ಸರ್ ಅಂತೆ. ಈ ದೀಪಾವಳಿಯ ಲಕ್ಷ್ಮೀಪೂಜೆಗೆ ನಾನಿರುವುದು ಕಷ್ಟ ಅಂದರು ಡಾಕ್ಟರು. ಅವಳ ಮುಂದೆ ಕೂತರೆ ನನಗೆ ಬಾಯೇ ಬರುವುದಿಲ್ಲ. ಬೇಗ ಬಾ. ಸಾವಿಗೆ ಹೆಸರಿಡಲು ಬರುವವಳು ನಮ್ಮ ಮನೆಯಲ್ಲಿ ನೀನೊಬ್ಬಳೇ. ಅವ್ವನಿಗೆ ನೀನೇ ಹೇಳು, "ಅಪ್ಪ ದುಕಾನ ಹೆಚ್ಚಸಾಕತ್ತಾನ" ಅಂತ.