ಗುಣಮುಖಳ ಸಹಿ ಹೊಂದುತ್ತಿಲ್ಲ

ಕಾರ್ಮಿಕರ ಕಾಯಿಲೆ ರಜೆ ಮಂಜೂರು ಮಾಡುವ ಮಾನ್ಯ ವೈದ್ಯಾಧಿಕಾರಿಗಳೇ,

ಐದು ತಿಂಗಳ ಹಿಂದೆ ತಾವು ನನ್ನ ಚೀಟಿಯ ಮೇಲೆ 'ಗುಣಮುಖ' ಎಂದು ಮೊಹರು ಒತ್ತಿದಿರಿ. ಆ ಶುಭ ಸುದ್ದಿ ನನ್ನ ಬೆರಳುಗಳಿಗೆ ಇನ್ನೂ ತಲುಪಿಲ್ಲ.

ನಾನು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು. ಅಣ್ಣ ಅಲ್ಲೇ ಬಟ್ಟೆ ಕತ್ತರಿಸುತ್ತಾನೆ. ಸೊಳ್ಳೆಯಿಂದ ಹರಡುವ ಒಂದೇ ವೈರಸ್ ಜ್ವರ ಒಂದೇ ವಾರ ಇಬ್ಬರನ್ನೂ ಹಿಡಿಯಿತು. ಅಣ್ಣನಿಗೆ ನೂರಾನಾಲ್ಕು ಡಿಗ್ರಿ, ಆಸ್ಪತ್ರೆ, ಡ್ರಿಪ್ಪು. ಅವನು ಉಳಿಯುವುದಿಲ್ಲವೆಂದೇ ಹೆದರಿದ್ದೆ. ಹದಿನೈದನೇ ದಿನಕ್ಕೆ ಎದ್ದು ಕತ್ತರಿ ಹಿಡಿದ. ನನಗೆ ಜ್ವರ ಎರಡೇ ದಿನ; ಕೀಲುನೋವು ಮಾತ್ರ ಕಾಯಂ ನೌಕರಿ ಸಿಕ್ಕಂತೆ ಕೂತುಬಿಟ್ಟಿತು. ಬೆಳಿಗ್ಗೆ ಮುಷ್ಟಿ ಕಟ್ಟಲಾಗುವುದಿಲ್ಲ. ಸೂಜಿಗೆ ದಾರ ಪೋಣಿಸಲು ಪಕ್ಕದ ಮಿಷನ್ನಿನವಳನ್ನು ಕರೆಯಬೇಕು.

"ಹೆಂಗಸರ ಮೈ ವೈರಸ್ ಜೊತೆ ಜೋರಾಗೇ ಜಗಳಕ್ಕೆ ನಿಲ್ಲುತ್ತಮ್ಮ," ಎಂದರು ನಮ್ಮ ಬೀದಿಯ ಡಾಕ್ಟರಮ್ಮ. "ಎಷ್ಟೋ ಸಲ ಅದಕ್ಕೇ ಬೇಗ ಗೆಲ್ಲೋದು. ಆದ್ರೆ ಕೆಲವರಿಗೆ ವೈರಸ್ ಹೋದ್ಮೇಲೂ ಜಗಳ ನಿಲ್ಲಲ್ಲ."

ತಮ್ಮ ನಿಯಮದಲ್ಲಿ ಮಾತ್ರ ಜ್ವರ ಇಳಿದ ಮೂರನೇ ದಿನಕ್ಕೆ ಎಲ್ಲರೂ ಗುಣಮುಖ. ಯಾರ ಮೈ ಅಳತೆ ತೆಗೆದು ಹೊಲಿದಿರಿ ಸ್ವಾಮಿ, ಇದನ್ನು? ಅಣ್ಣನಿಗೆ ಸರಿಯಾಗಿ ಕೂತಿದೆ. ನನ್ನನ್ನೂ ಅದರೊಳಗೇ ತೂರಿಸಿದ್ದೀರಿ, ಕೈ ಆಡುತ್ತಿಲ್ಲ. ಗುಣಮುಖಳಾದ್ದರಿಂದ ರಜೆಯಿಲ್ಲ, ಕಾಲರ್ ಸೊಟ್ಟಗಾಗುವುದರಿಂದ ಕೆಲಸವೂ ಉಳಿಯುವಂತಿಲ್ಲ. "ಹುಷಾರಾಗಿದೀಯ ಅಂತ ವೈದ್ಯಾಧಿಕಾರಿ ಆಫೀಸಿನವರೇ ಬರ್ಕೊಟ್ಟಿದಾರೆ, ನಾಟಕ ಯಾಕಮ್ಮ?" ಎಂದ ಸೂಪರ್‌ವೈಸರ್, ಮುಂದಿನ ತಿಂಗಳಿಂದ ಬರಬೇಡವೆಂದೂ ಹೇಳಿದ್ದಾರೆ.

ಮರುಪರೀಕ್ಷೆಗೆ ಮೂರು ಸಲ ಅರ್ಜಿ ಕೊಟ್ಟೆ. ಮೂರೂ ಒಂದೇ ಷರಾ ಹೊತ್ತು ವಾಪಸ್ ಬಂದವು: 'ಅರ್ಜಿದಾರರ ಸಹಿ ದಾಖಲೆಯ ಸಹಿಯೊಂದಿಗೆ ಹೊಂದುತ್ತಿಲ್ಲ.' ಹೇಗೆ ಹೊಂದೀತು? ಪೆನ್ನು ಹಿಡಿಯಲಾಗುತ್ತಿಲ್ಲ ಎಂಬುದೇ ಅಲ್ಲವೇ ಅರ್ಜಿ?

"ನಾನೇ ನಿನ್ನ ಸಹಿ ಹಾಕ್ಲಾ? ಸ್ಕೂಲಲ್ಲಿ ಅಪ್ಪಂದು ಹಾಕಿ ಅಭ್ಯಾಸ ಇದೆ," ಎಂದ ಅಣ್ಣ. ಹಾಕಿದ್ದರೆ ಹೊಂದುತ್ತಿತ್ತು ಕೂಡ. ನನಗೆ ನಗು ಬಂತು, ಆಮೇಲೆ ಅಳು ಬಂತು.

ನನ್ನ ಬೇಡಿಕೆ ಒಂದೇ. ಸಹಿ ನೋಡಿದ್ದು ಸಾಕು, ಒಮ್ಮೆ ಕೈ ನೋಡಿ, ಆ ಮೊಹರು ರದ್ದು ಮಾಡಿ. ಸೋಮವಾರ ಹತ್ತು ಗಂಟೆಗೆ ತಮ್ಮ ಕೋಣೆಯ ಮುಂದೆ ನಿಂತಿರುತ್ತೇನೆ. ಬಾಗಿಲ ಹಿಡಿಯನ್ನು ತಿರುಗಿಸಲು ನನ್ನಿಂದಾಗದು. ಒಳಗಿನಿಂದ ತಾವೇ ತೆರೆಯಬೇಕು.

ಇಂತಿ,
ತಮ್ಮ ಮೊಹರಿನ ಪ್ರಕಾರ ಗುಣಮುಖಳು
(ಬರೆದುಕೊಟ್ಟವನು ಅಣ್ಣ, ಹೊಂದದ ಸಹಿ ಮಾತ್ರ ನನ್ನದೇ)