ಪರದೆ ಹಿಂದಿನ ಎರಡು ಕೈ

ರಾಣೆಬೆನ್ನೂರು
೯ ಫೆಬ್ರುವರಿ ೨೦೦೪

ಅಣ್ಣಾ ಚೇತನಕುಮಾರಗ ತಂಗಿ ಪುಷ್ಪಲತಾಳ ನಮಸ್ಕಾರ.

ಹಾವೇರಿಯೊಳಗ ಆರಾಮ ಅದೀಯಲ್ಲ? ನಿನ್ನ ಕೆಮ್ಮು ಕಡಿಮಿ ಆತೇನು? ಆಗಿರಬೇಕು ಬಿಡು, ನಿನ್ನೆ ಫೋನಿನ್ಯಾಗ ಅಷ್ಟು ಒದರಿದೆಲ್ಲ! ಅವ್ವನ ಮೊಣಕಾಲ ನೋವು ಹಂಗ ಐತಿ. ನನಗ ಒಂದು ಮಾತೂ ಆಡಾಕ ಬಿಡದ ಫೋನ್ ಇಟ್ಟಿ, ಅದಕ್ಕ ಬರಿಯಾಕತ್ತೇನಿ. ಪತ್ರದಾಗ ನಡಕ ಬಾಯಿ ಹಾಕಾಕ ನಿನಗ ಬರೂದಿಲ್ಲ.

ಬ್ಯಾಡಗಿ ಮೆಣಸಿನಕಾಯಿ ಸಾವಕಾರ್ರ ಮನಿ ಮದುವ್ಯಾಗ ನಿನ್ನ ಸೀಕ್ವೆನ್ಸರ್, ಆ ಹಾಡಿನ ತಾಳ-ಸ್ವರ ತುಂಬಿಡೂ ಡಬ್ಬಿ, ಕೈಕೊಡ್ತು, ಮಂದಿ ಸೀಟಿ ಹೊಡದ್ರು. ಖರೇ, ಕೇಳಿ ನನಗೂ ಸಂಕಟ ಆತು. ಆದರ "ಹೊಟ್ಟಿಕಿಚ್ಚಿಗೆ ಎಲ್ಲಾ ಹಾಡು ಅಳಿಸಿ ಕಳಿಸೀದಿ" ಅಂದೆಲ್ಲ, ಆ ಮಾತು ಎದಿಯಾಗ ನಟ್ಟೈತಿ. ನಾ ಏನೂ ಅಳಿಸಿಲ್ಲೋ ಮಾರಾಯಾ. ಆ ಡಬ್ಬಿ ಒಳಗಿನ ಸೆಲ್ ಯಾವಾಗೋ ಸತ್ತೈತಿ. ಕರೆಂಟಿನ ವೈರ್ ಕಿತ್ತರ ಮುಗೀತು, ಹಾಕಿದ್ದೆಲ್ಲಾ ಮರತುಬಿಡತೈತಿ. ಪ್ರತಿ ಕಾರ್ಯಕ್ರಮಕ್ಕೂ ಮಂದಿ ಬರೂದಕ್ಕ ಮೊದಲ ನಾನ ಪರದೆ ಹಿಂದ ಕುಂತು, ಯಾವ ಗುಂಡಿಗೆ ಢೋಲಕ್, ಯಾವುದಕ್ಕ ಸ್ವರ, ಯಾವುದು ಖಾಲಿ ಅಂತ ನೆನಪಿನಿಂದ ಕೂಡಸ್ತಿದ್ದೆ. ಡಬ್ಬಿಗೆ ತನ್ನದಂತ ದನಿ ಇಲ್ಲ. ಅದು ಹೇಳತೈತಿ, ನಿನ್ನ ಕೀಬೋರ್ಡ್, ಆ ಸಿಂಥ್, ನುಡೀತೈತಿ. ನೀ ಆಗ ಕನ್ನಡಿ ಮುಂದ ಕೂದಲಾ ತೀಡಕೋತ ನಿಂತಿರತಿದ್ದಿ.

"ಹೆಣ್ಣಮಗಳು ಸ್ಟೇಜ್ ಮ್ಯಾಲೆ ಕುಂತರ ವರಾ ಸಿಗೂದಿಲ್ಲ" ಅಂತ ಅಪ್ಪ ಅಂದ, ನೀ ಹೂಂ ಅಂದಿ. ಆ ಪರದೆ ಕಟ್ಟಿದಾವ ನೀನ. ಮೇಡ್ಲೇರಿ ಊರಾಗ "ಎರಡು ಕೈಯಾಗ ನಾಕು ಕೈ ಕೆಲಸಾ ಮಾಡತಾನ ಹುಡುಗ" ಅಂತ ನಿನಗ ಶಾಲು ಹೊದಿಸಿದ್ರು. ಉಳದ ಎರಡು ಕೈ ಯಾರವು ಅಂತ ಈಗರ ಹೇಳ್ತಿ, ಈಗರ ಹೇಳ್ತಿ ಅಂತ ಪರದೆ ಸಂದಿಯಾಗ ನೋಡಕೋತ ಕುಂತಿದ್ದೆ. ನೀ ನಕ್ಕೊಂತ ಮಂದಿಗೆ ಕೈ ಮುಗದಿ. ಹೋದ ತಿಂಗಳ ಡಬ್ಬಿ, ಸಿಂಥ್ ಎರಡೂ ಕಟಗೊಂಡು ಹಾವೇರಿ ಆರ್ಕೆಸ್ಟ್ರಾ ತಂಡಕ್ಕ ಹೋದಿ. ಹಾಡೆಲ್ಲಾ ಡಬ್ಬಿಯೊಳಗ ಅದಾವು, ಇನ್ನ ಇಕಿ ಯಾಕ ಬೇಕು ಅಂದಕೊಂಡಿ. ಅವು ನನ್ನ ತಲಿಯೊಳಗ ಇದ್ದವು ಅಣ್ಣಾ. ಒಂದ ಸಲ ಕೇಳಿದ್ರ ಹೇಳತಿದ್ದೆ.

ಈಗ ಎಲ್ಲಾ ಹಾಳಿ ಮ್ಯಾಲೆ ಬರದು ಲಗೂ ಕಳಸು ಅಂತಿ. ಕಳಸೂದಿಲ್ಲ. ಸಿಟ್ಟಿಗಲ್ಲ ಅಂದ್ರ ಸುಳ್ಳಾಗತೈತಿ, ಸಿಟ್ಟಿಗ ಕಳಸೂದಿಲ್ಲ.

ಹೊತ್ತಿಗೆ ಸರಿ ಉಣ್ಣು, ತಂಪಿನ್ಯಾಗ ತಿರಗಬ್ಯಾಡ. ಅವ್ವ ಆಶೀರ್ವಾದ ಹೇಳ್ಯಾಳ. ಅಪ್ಪ ಏನೂ ಹೇಳಿಲ್ಲ.

ನಿನ್ನ ತಂಗಿ,
ಪುಷ್ಪಲತಾ

ತಾ.ಕ.: ಬ್ಯಾಡಗಿ ಮೌಲಾಸಾಬ ಕಾಕಾರು ತಮ್ಮ ಆರ್ಕೆಸ್ಟ್ರಾಕ್ಕ ನನ್ನ ಕರದಾರ. ತಮ್ಮ ಡಬ್ಬಿ, ಸಿಂಥ್ ಎರಡೂ ನನ್ನ ಕೈಯಾಗ ಕೊಟ್ಟಾರ. ನೀ ಒಪಕೊಂಡಿದ್ದ ಐರಣಿ ಊರಿನ ಮದುವಿ ಈಗ ಅವರಿಗೆ ಬಂದೈತಿ. ಶುಕ್ರವಾರ ಸ್ಟೇಜಿನ ಮುಂದ, ಲೈಟಿನ ಕೆಳಗ ಕುಂತು ನುಡಸ್ತೇನಿ. ಅಪ್ಪಗ ಹೇಳೇನಿ, ಅವತ್ತಿಂದ ನನ್ನ ಕೂಡ ಮಾತು ಬಿಟ್ಟಾನ. ಅವ್ವ ಬರತಾಳ. ನೀ ಬರೂದಾದ್ರ ಬಾ, ಮಂದಿಯೊಳಗ ಕುಂದರು.