ನಾರ್‌ಫೋಕ್‌ಗೆ ಹೋಗಲು ಒಂಬತ್ತು ಕಾರಣ

13 ಜನವರಿ 1997, ಸೋಮವಾರ

ಧನಕವಡಿಯಿಂದ ಶಿವಾಜಿನಗರ ತನಕ ಬಸ್ಸಿನ್ಯಾಗ ನಿಂತಽ ಬಂದೆ. ಯಾವನೋ ಚಪ್ಪಲಿ ತುಳದು ಉಂಗುಟ ಕಿತ್ತಿತು. ಎಳಕೋತ ಕಾರ್ಖಾನಿಯ ಪುಣೆ ಆಫೀಸಿಗೆ ಹೊಕ್ಕರ ಸೆಕ್ರೆಟರಿ ಸಾಹೇಬ್ರ ಕರೆ. ನಮ್ಮ ಸಕ್ಕರಿ ಕಾರ್ಖಾನಿ ಡೈರೆಕ್ಟರು ಎಂಟು ಮಂದಿ ಮೇ ತಿಂಗಳಾಗ ಇಂಗ್ಲಂಡಿಗೆ ಹೊಂಟಾರಂತ. ಅಭ್ಯಾಸ ದೌರಾ, ಅಂದ್ರ ಸ್ಟಡಿ ಟೂರು! ನಾರ್‌ಫೋಕ್ ಅಂತ ಒಂದು ದೊಡ್ಡ ಜಿಲ್ಲಾ, ಬರೇ ಹೊಲ, ಅಲ್ಲಿ ಬೀಟ್ ಗಡ್ಡಿಯಿಂದ ಸಕ್ಕರಿ ತಗೀತಾರಂತ. ಅಲ್ಲಿಗೇ ಯಾಕ ಹೋಗಬೇಕು ಅಂತ ಸರ್ಕಾರಕ್ಕ ಒಂದು ನೋಟ್ ಬೇಕು. ಕಾರಣ ಎಂಟೊಂಬತ್ತರ ಇರ್ಲಿ ಇಂದೂ ಬಾಯಿ, ನೀವು ಕೆಮಿಸ್ಟು, ನಿಮ್ಮ ಸಹಿ ಬಿದ್ರ ತೂಕ ಬರ್ತದ ಅಂದ್ರು.

ಖರೆ ಕಾರಣ ಪ್ಯೂನ್ ಸಿದ್ರಾಮಪ್ಪಗೂ ಗೊತ್ತದ — ಚೇರ್ಮನ್ನರ ಮಗಳನ್ನ ಅಲ್ಲೇ ಕೊಟ್ಟಾರ. ಥೂ. ಕಾರ್ಖಾನಿ ಲ್ಯಾಬಿನ ಬಾಗಲಾ ಎಲ್ಲದ ಅಂತ ಗೊತ್ತಿಲ್ಲದ ಮಂದಿ ಅಭ್ಯಾಸ ಮಾಡ್ತಾರಂತ.

ಆದ್ರ ಸಂಗಾಟ ಒಬ್ಬ ತಾಂತ್ರಿಕ ಮನಷ್ಯಾ ಇರಬೇಕು ಅಂತ ನಿಯಮ ಅದ. ಆ ಸೀಟು ನಿಮ್ದು ಅಂದ್ರು. ಮೂತಿ ಗಂಟ ಹಾಕ್ಕೊಂಡಽ ಹೂಂ ಅಂದೆ.

20 ಜನವರಿ

ಊಟ ಬಿಟ್ಟು ಬ್ರಿಟಿಷ್ ಲೈಬ್ರರಿಗೆ ಹೋದೆ. ನಾರ್‌ಫೋಕ್ ಪುಸ್ತಕ ಎರಡು ಸಿಕ್ಕವು. ಸಪಾಟು ಅಂದ್ರ ಸಪಾಟು. ಗುಡ್ಡಾ ಇಲ್ಲ, ಏರಿಲ್ಲ, ಕಣ್ಣು ಮುಟ್ಟೂತನಕ ಆಕಾಶ. ನಮ್ಮ ಅಫಜಲಪುರದ ಕಡೆ ಇದ್ದಂಗ, ಬರೇ ಹಸರು ಬಳದಂಗದ. ಅಗಲ ಅಗಲ ನೀರು, ಅದರಾಗ ದೋಣಿ. ಗಾಳಿಗಿರಣಿ. ಸಮುದ್ರದ ದಂಡಿಗೆ ಸೀಲ್ ಅನ್ನೋ ಪ್ರಾಣಿ ಬಿಸಲು ಕಾಯಸ್ತಾವ — ನೋಡಿ ನಮ್ಮ ಚೇರ್ಮನ್ನರು ಮೀಟಿಂಗಿನ್ಯಾಗ ಕುಂತಿದ್ದು ನೆನಪಾತು. ಒಬ್ಬಾಕಿನಽ ನಕ್ಕೆ. ಎದುರಿಗೆ ಕುಂತ ಅಜ್ಜ ದುರುಗುಟ್ಟಿ ನೋಡಿದ. ನೋಡ್ಲಿ.

ಆಮ್ಯಾಲೆ ಕಾರ್ಖಾನಿ ಚಿತ್ರ. ನಮ್ಮಂಗ ಗಾಣಕ್ಕ ಹಾಕಿ ಅರಿಯೂದಽ ಇಲ್ಲ! ಗಡ್ಡಿ ತೆಳ್ಳಗ ಹೆಚ್ಚತಾರ, ಎತ್ತರದ ಗೋಪುರದಂಥಾದ್ರಾಗ ಬಿಸಿನೀರಿಗೆ ಬಿಡ್ತಾರ, ಸಿಹಿ ತಾನಽ ಇಳದು ಬರ್ತದ. ಎಷ್ಟ ಸಮಾಧಾನದ ಕೆಲಸ. ಹದಿನಾಲ್ಕು ವರ್ಷ ಆತು ನಾ ಕಬ್ಬಿನ ರಸ ಅಳಿಯಾಕ ಹತ್ತಿ. ಅವ್ವ ಇದಽ ಪುಣೆದಾಗ ಇಟ್ಟಂಗಿ ಹೊತ್ತು ಬಿಎಸ್ಸಿ ಓದಿಸಿದ್ಲು. ಆ ಗೋಪುರದ ಬುಡಕ್ಕ ಒಮ್ಮೆ ನಿಂದ್ರಬೇಕು. ಕೈ ಇಟ್ಟು ಬಿಸಿ ನೋಡಬೇಕು. ಮತ್ತೇನೂ ಬ್ಯಾಡ.

23 ಜನವರಿ

ಎಂಟು ಕಾರಣ ಆಗಿದ್ವು. ಒಂಬತ್ತನೇದು ಹುಡಕಾಕ ಹೋಗಿ ಸಿಕ್ಕೊಂಡೆ. ಗಡ್ಡಿ ಕೀಳೂದು ಸೆಪ್ಟೆಂಬರದಾಗ. ಕಾರ್ಖಾನಿ ನಡಿಯೂದು ಫೆಬ್ರುವರಿ ತನಕ. ಮುಂದ ಬಂದ್. ಮೇ ತಿಂಗಳಾಗ ಗಡ್ಡಿ ಇನ್ನೂ ಹೊಲದಾಗ, ಬೆರಳಿನಷ್ಟು.

ನಮ್ಮವರಿಗೆ ಮೇ ಬಿಟ್ರ ಆಗೂದಿಲ್ಲ. ದಸರಾಕ್ಕ ಬಾಯ್ಲರಿಗೆ ಪೂಜಿ ಮಾಡಿ ಬೆಂಕಿ ಹಚ್ಚಿದ್ರ ಕಬ್ಬು ಮುಗಿಯೂತನಕ ಯಾವ ಡೈರೆಕ್ಟರೂ ಊರ ಬಿಡಂಗಿಲ್ಲ. ಬೆಂಕಿ ಹಚ್ಚಿದವ ದೇಶ ದಾಟಿದ್ರ ಬೆಂಕಿ ಆರ್ತದ ಅಂತ ನಂಬಿಗಿ. ಚೇರ್ಮನ್ನರು ತಂಗಿ ಸತ್ತಾಗ ಸೋಲಾಪುರಕ್ಕ ಹೋಗಿ ಸಂಜಿಗೇ ಬಂದಿದ್ರು. ನಮ್ಮದು ನಡಿಯೂವಾಗ ಅವರದೂ ನಡೀತದ, ನಮ್ಮದು ನಿಂತಾಗ ಅವರದೂ ನಿಂತಿರ್ತದ. ಸಾಹೇಬ್ರಿಗೆ ಹೇಳಿದ್ರ ದೌರಾನಽ ರದ್ದು.

ನಾಳೆ ಹೇಳ್ತೀನಿ.

24 ಜನವರಿ

ಹೇಳಲಿಲ್ಲ. ಒಂಬತ್ತನೇದು “ನಡೆಯುತ್ತಿರುವ ಕಾರ್ಖಾನೆಯ ಪ್ರತ್ಯಕ್ಷ ವೀಕ್ಷಣೆ” ಅಂತ ಟೈಪ್ ಮಾಡಿ ಸಹಿ ಹಾಕಿದೆ. ಅಲ್ಲಿಗೆ ಹೋದ ಮ್ಯಾಲೆ ಕೈ ಕಾಲು ಹಿಡದಾದ್ರೂ ಬಾಗಲಾ ತಗಸ್ತೀನಿ. ಬಂದ್ ಇದ್ರೇನು, ಗೋಪುರ ಎಲ್ಲೂ ಹೋಗಂಗಿಲ್ಲಲ್ಲ.

31 ಮಾರ್ಚ್

ನನ್ನ ಹೆಸರು ತಗದಾರ.

ಪ್ರೇಮಕುಮಾರ ಹೊಂಟಾನ. ನನ್ನ ಕೈಯಾಗ ಕಲಿತವ. ರಸದಾಗ ಸಕ್ಕರಿ ಎಷ್ಟದ ಅಂತ ನೋಡೋ ಯಂತ್ರಕ್ಕ ಕಣ್ಣು ಎಲ್ಲಿ ಇಡಬೇಕು ಅಂತ ಗೊತ್ತಿರಲಿಲ್ಲ ಅವಗ. ಅವನ ಅವ್ವ ಶರಣಮ್ಮ, ನಮ್ಮ ಅವ್ವ ಒಂದಽ ಕಟ್ಟಡಕ್ಕ ಇಟ್ಟಂಗಿ ಹೊತ್ತಾರ. ಅಕ್ಕಾ ಅಕ್ಕಾ ಅಂತ ಹಿಂದ ತಿರಗ್ತಿದ್ದ.

ಸಾಹೇಬ್ರನ್ನ ಕೇಳಿದೆ. ಎಂಟು ಮಂದಿ ಗಂಡಸರು, ನೀವೊಬ್ರ ಹೆಣ್ಮಗಳು, ಅದೂ ಲಗ್ನ ಆಗದಾಕಿ. “ಬರಂ ದಿಸತ್ ನಾಹೀ” ಅಂದ್ರು. ಚಂದ ಕಾಣೂದಿಲ್ಲಂತ. ಸಹಿ ಹಾಕೂವಾಗ ಚಂದ ಕಂಡಿತ್ತು ಭಾಡ್ಯಾಗಳಿಗೆ.

2 ಏಪ್ರಿಲ್

ಪ್ರೇಮ ಪೇಢೆ ತಗೊಂಡು ಬಂದಿದ್ದ. ಅಕ್ಕಾ, ನಿಮ್ಮ ಸೀಟು ನಾ ಕೇಳಿ ತಗೊಂಡಿಲ್ರಿ ಅಂದ. ಪೇಢೆ ಸಿದ್ರಾಮಪ್ಪಗ ಕೊಟ್ಟೆ. ಕಾರ್ಖಾನಿ ಬಂದ್ ಇರ್ತದ ಅನ್ನೂದು ನಾಲಿಗಿ ತುದಿಗೆ ಬಂದಿತ್ತು. ನುಂಗಿದೆ.

9 ಮೇ

ಹೋದ್ರು. ಮಾಲಿ ಹಾಕಿ ಬ್ಯಾಂಡ್ ಹಚ್ಚಿ ಕಳಿಸಿದ್ರು. ನಾನೂ ಚಪ್ಪಾಳಿ ತಟ್ಟಿದೆ. ಹೋಗ್ರಿ. ಏಳು ಸಮುದ್ರ ದಾಟಿ ಕೀಲಿ ಹಾಕಿದ ಗೇಟಿನ ಮುಂದ ನಿಂದರ್ರಿ.

26 ಮೇ

ಬಂದ್ರು. ಎಲ್ಲಾರ ತಲಿಮ್ಯಾಲೂ ಉಣ್ಣಿ ಟೊಪಗಿ, ಪುಣೆ ಬಿಸಲಿನ್ಯಾಗ. ಫೋಟೋ ಹಂಚಿದ್ರು — ದೋಣಿಯಾಗ ಎಂಟು ಮಂದಿ, ಚರ್ಚಿನ ಮುಂದ ಎಂಟು ಮಂದಿ, ಸೀಲಿನ ಹಿಂದ ಎಂಟು ಮಂದಿ. ಏಡಿ ನೋಡಿ ಒಬ್ರು ಓಡಿದ್ರಂತ. ಗೇಟ್ ಬಂದ್ ಇತ್ತಂತ ಹೌದು. ವಾಚ್‌ಮನ್ ಚಾ ಕೊಟ್ಟು ಅಕ್ಟೋಬರಿಗೆ ಬರ್ರಿ ಅಂದನಂತ. ಎಲ್ಲಾರೂ ನಕ್ಕು ಮಗಳ ಮನಿಗೆ ಊಟಕ್ಕ ಹೋದ್ರಂತ. ಯಾರಿಗೂ ಏನೂ ಅನಿಸಿಲ್ಲ! ನಾಲ್ಕು ತಿಂಗಳು ನಾ ಒಬ್ಬಾಕಿ ಒಳಗೊಳಗ ಕುದ್ದಿದ್ದಷ್ಟಽ ಬಂತು.

ಪ್ರೇಮ ಒಂದು ಪಾಕೀಟು ಬೀಟ್ ಸಕ್ಕರಿ ನನ್ನ ಟೇಬಲ್ ಮ್ಯಾಲೆ ಇಟ್ಟು ಹೋದ. ಎಸೀಬೇಕು ಅಂದ್ಕೊಂಡೆ. ಚಾಕ್ಕ ಹಾಕಿ ಕುಡದೆ. ನಮ್ಮ ಸಕ್ಕರಿ ಹಂಗಽ ಅದ.

28 ಸೆಪ್ಟೆಂಬರ್, ಭಾನುವಾರ

ಕಾರ್ಖಾನಿಯೊಳಗ ವಾರ್ಷಿಕ ಸಭಾ. ದೌಂಡ ಕಡೆಯ ಒಬ್ಬ ಕಬ್ಬಿನ ರೈತ, ಮುದುಕ, ಎದ್ದು ನಿಂತ. ಮೇ ತಿಂಗಳಾಗ ಆ ದೇಶದಾಗ ಯಾವ ಕಾರ್ಖಾನಿ ನಡೀತದ, ನೀವು ಏನು ನೋಡಿ ಬಂದ್ರಿ ಅಂತ ಮೈಕಿನ್ಯಾಗ ಕೇಳಿದ. ಗದ್ದಲ, ಶಿಳ್ಳಿ, ಒಂದು ಕುರ್ಚಿ ಮುರೀತು. ಚೇರ್ಮನ್ನರು ಬೆವರು ಒರಸಿಕೊಂಡು, “ಆಮ್ಚ್ಯಾ ಕೆಮಿಸ್ಟ್ ಬಾಯಿಂಚೀ ನೋಟ್”, ನಮ್ಮ ಕೆಮಿಸ್ಟ್ ಬಾಯಿಯವರದಽ ನೋಟ್ ಅಂದು ನನ್ನ ಕಡೆ ಕೈ ತೋರಿಸಿದ್ರು. ಅಷ್ಟೂ ತಲಿ ನನ್ನ ಕಡೆ ತಿರಗಿದ್ವು.

1 ಅಕ್ಟೋಬರ್

ಮೆಮೋ ಬಂತು. ಅಲ್ಲಿಯ ಕಾರ್ಖಾನಿ ಮೇದಾಗ ಬಂದ್ ಇರ್ತದ ಅನ್ನೂದು ಗೊತ್ತಿತ್ತೋ ಇಲ್ಲೋ. ಸೋಮವಾರ ಬೆಳಿಗ್ಗೆ ಹತ್ತಕ್ಕ ಉತ್ತರ.

ಗೊತ್ತಿರಲಿಲ್ಲ ಅಂತ ಬರೀರಿ, ಒಂದು ತಾಕೀತು ಕೊಟ್ಟು ಬಿಡ್ತೀವಿ ಅಂದ್ರು ಸಾಹೇಬ್ರು. ಗೊತ್ತಿತ್ತು ಅಂದ್ರ ಮೋಸ, ನೌಕರಿ ಹೋಗ್ತದ. ಅವ್ವ ಸುದ್ದಿ ಕೇಳಿ ರೊಟ್ಟಿ ಬಡಿಯೂದು ನಿಲ್ಲಿಸಿದ್ಲು. ಅವರು ಹೇಳಿದಂಗ ಬರದುಬಿಡು, ಈ ವಯಸ್ಸಿನ್ಯಾಗ ನಾ ಮತ್ತ ಇಟ್ಟಂಗಿ ಹೊರಲೇನು ಅಂದ್ಲು.

ಬರೀಬೇಕು. ಬರೀತೀನಿ. ಒಂದು ಸಾಲು.

5 ಅಕ್ಟೋಬರ್, ಭಾನುವಾರ, ಮಧ್ಯಾಹ್ನ

ಪ್ರೇಮ ಮನಿಗೆ ಬಂದಿದ್ದ. ಕೂಡು ಅನ್ನಲಿಲ್ಲ. ನಿಂತಽ ಹೇಳಿದ. ಅವಗೂ ಮೆಮೋ ಹೋಗೇದ.

“ನಿಮ್ಮ ಮ್ಯಾಲೆ ಬರಬಾರದು ಅಂತ ಬರದುಕೊಟ್ಟೀನ್ರಿ ಅಕ್ಕಾ. ಮ್ಯಾಡಮ್ಮರಿಗೆ ಬೀಟಿನ ವಿಷಯ ಏನೂ ತಿಳೀದು ಅಂತ.”

“ಏನೂ ತಿಳೀದು ಅಂತ?”

“ಹೂಂನ್ರಿ.”

“ನಿನಗ ಗೊತ್ತಿತ್ತೇನು, ಬಂದ್ ಇರ್ತದಂತ?”

ಟಿಕೆಟ್ ಬರೂಕಿಂತ ಮೊದಲಽ ಗೊತ್ತಿತ್ರಿ ಅಂದ. ಹೇಳಿದ್ರ ದೌರಾ ರದ್ದು ಆಗ್ತಿತ್ತು. ಅವಗ ವಿಮಾನ ಹತ್ತಬೇಕಾಗಿತ್ತಂತ. ಶರಣಮ್ಮಗ ವಿಮಾನದ ಫೋಟೋ ತಂದು ಕೊಡ್ತೀನಿ ಅಂದಿದ್ದನಂತ.

ಹೊರಗ ನಡಿ ಅಂದೆ. ಅವ ಹೇಳಿದ್ರಾಗ ಒಂದಕ್ಷರ ನಂದಲ್ಲದ್ದು ಇಲ್ಲ. ಅದಕ್ಕಽ ಅವನ ಮ್ಯಾಲೆ ಇಷ್ಟು ಸಿಟ್ಟು. ಮತ್ತ ಆ ಹುಡುಗ ನನಗ ಏನೂ ತಿಳೀದು ಅಂತ ಬರದ. ನನಗ!

6 ಅಕ್ಟೋಬರ್, ಸೋಮವಾರ, ಬೆಳಿಗ್ಗೆ 9.40, ಆಫೀಸು

ಅವ್ವಗ ‘ಗೊತ್ತಿರಲಿಲ್ಲ’ ಅಂತ ಬರದೀನಿ ಅಂತ ಸುಳ್ಳು ಹೇಳಿ ಬಂದೆ. ಹಾಳಿ ಮುಂದದ. ಮೂರು ಹಾಳಿ ಹರದು ಹಾಕಿದೆ. ಸಿದ್ರಾಮಪ್ಪ ಎರಡು ಸಲ ಬಂದು ನೋಡಿ ಹೋದ.

ಬರದೆ. ಗೊತ್ತಿತ್ತು. 23 ಜನವರಿಗೇ ಗೊತ್ತಿತ್ತು. ಪುಸ್ತಕದ ಪುಟ ಸಹಿತ ಹಾಕೀನಿ, ಕೆಮಿಸ್ಟ್ ಅಂದ್ರ ಏನಂತ ನೋಡ್ಲಿ.

ಯಾಕ ಹೇಳಲಿಲ್ಲ ಅನ್ನೂದನ್ನೂ ಬರೀಬೇಕಂತ. ಎರಡು ಇಂಚು ಜಾಗಾ ಬಿಟ್ಟಾರ. ಬರ್ಕೋರಿ ಹಂಗಾದ್ರ — ಆ ಗೋಪುರದ ಬುಡಕ್ಕ ನಾ ಒಮ್ಮೆ ನಿಂದ್ರಬೇಕಾಗಿತ್ತು.